ದುಭಾಷಿಯ ಮೊಟ್ಟೆ

ಒಡಿಶಾದಿಂದ ಬಂದು ನಾಲ್ಕನೇ ಕ್ಲಾಸಿಗೆ ಸೇರಿದ ಸಸ್ಮಿತಾಗೆ ಕನ್ನಡ ಬರುತ್ತಿರಲಿಲ್ಲ. ಮೊದಲ ದಿನವೇ ದಾಕ್ಷಾಯಿಣಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೆಳತಿಯೂ ದುಭಾಷಿಯೂ ತಾನೇ ಆದಳು. ಒಡಿಯಾ ಬರುತ್ತಿತ್ತೆಂದಲ್ಲ, ಬಾಯಿ ಜೋರಿತ್ತು.

ಬಿಸಿಯೂಟಕ್ಕೆ ಮೊಟ್ಟೆ ಹಂಚುತ್ತಾ ಮಿಸ್ ಕೇಳಿದರು, "ಇವಳು ಮೊಟ್ಟೆ ತಿಂತಾಳೇನೇ?"

ದಾಕ್ಷಾಯಿಣಿ ಗೆಳತಿಯ ಕಿವಿಯಲ್ಲಿ ಏನೋ ಗುಸುಗುಟ್ಟಿದಳು. ಸಸ್ಮಿತಾ ನಕ್ಕಳು.

"ತಿನ್ನಲ್ವಂತೆ ಮಿಸ್. ನನಗೇ ಕೊಡ್ಬೇಕಂತೆ."

ಹೀಗೆ ದಾಕ್ಷಾಯಿಣಿ ಮೂರು ತಿಂಗಳು ಎರಡೆರಡು ಮೊಟ್ಟೆ ತಿಂದಳು. ಋಣ ಇಟ್ಟುಕೊಳ್ಳಬಾರದೆಂದು ಬಿಡುವಿನಲ್ಲೆಲ್ಲ ಗೆಳತಿಗೆ ಕನ್ನಡ ಕಲಿಸಿದಳು.

ಒಂದು ದಿನ ಹಲ್ಲುನೋವಿಗೆ ದವಡೆ ಊದಿ ದಾಕ್ಷಾಯಿಣಿಗೆ ಮಾತೇ ಹೊರಡಲಿಲ್ಲ. ಮೆತ್ತನೆಯ ಮೊಟ್ಟೆಯನ್ನಾದರೂ ತಿನ್ನಬಹುದೆಂದು ಕಾದಿದ್ದಳು.

"ಮೊಟ್ಟೆ ತಿಂತೀಯೇನೇ?" ಎಂದರು ಮಿಸ್, ಅವಳ ಊದಿದ ದವಡೆ ನೋಡಿ.

ಅವಳು ತಲೆಯಾಡಿಸುವ ಮೊದಲೇ ಸಸ್ಮಿತಾ ಎದ್ದು ನಿಂತಳು.

"ತಿನ್ನಲ್ವಂತೆ ಮಿಸ್. ನನಗೇ ಕೊಡ್ಬೇಕಂತೆ."