ಮೊದಲು ಬಂದ ಐನೂರು ಜನಕ್ಕೆ

ಜನ ಬಾರದೇ ಹೋದರೆ? ವಾರದ ಹಿಂದೆ ವಾಣಿಶ್ರೀ ಡೈರಿಯಲ್ಲಿ ಬರೆದುಕೊಂಡ ಚಿಂತೆ ಇಷ್ಟೇ. ಇನ್ನೊಬ್ಬರಿಗೆ ಹೇಳುವಂಥದ್ದಲ್ಲ. ಹೇಳುವ ಅಭ್ಯಾಸವೂ ಅವಳಿಗಿರಲಿಲ್ಲ. ಈಗ, ಭಾನುವಾರ ಮಧ್ಯಾಹ್ನ ಮೂರೂವರೆಗೆ, ಹೊಸ ಸ್ಟೇಡಿಯಂನ ಮೂರನೇ ಗೇಟಿನಾಚೆ ಎರಡು ಸಾವಿರ ಜನ ಸರಳು ಹಿಡಿದು ಅಲುಗಾಡಿಸುತ್ತಿದ್ದರು.

ತುಮಕೂರಿನ ಅಂಚಿನ ಆ ಸ್ಟೇಡಿಯಂನಲ್ಲಿ ಅದೇ ಮೊದಲ ಪಂದ್ಯ. ಗುಬ್ಬಿ ಹುಡುಗಿಯರಿಗೂ ಕುಣಿಗಲ್ ಹುಡುಗಿಯರಿಗೂ ಫುಟ್‌ಬಾಲ್. ಗುಬ್ಬಿ ತಂಡದ ಕೋಚ್ ಅಶ್ವಥ್, ವಾಣಿಶ್ರೀಯ ಅಣ್ಣ. ಹೋದ ಸಲ ಕುಣಿಗಲ್‌ನಲ್ಲಿ ಇದೇ ಹುಡುಗಿಯರು ಆಡಿದಾಗ ನೋಡಿದವರು ಹನ್ನೊಂದು ಮಂದಿ. ಅವರಲ್ಲಿ ಇಬ್ಬರು ಕಡ್ಲೆಕಾಯಿ ಮಾರುವವರು.

ಇವತ್ತಿನ ಜನಕ್ಕೆ ಕಾರಣ ಒಂದು ಮೆಸೇಜು. ಗುರುವಾರ ಅಶ್ವಥನ ನಂಬರಿನಿಂದ ಹೊರಟು ಊರೂರು ಸುತ್ತಿ ಬಂದಿತ್ತು: ‘ಮೊದಲು ಬಂದ ಐನೂರು ಜನಕ್ಕೆ ತಂಡದ ಜರ್ಸಿ ಉಚಿತ. ಮೂರನೇ ಗೇಟಿಗೆ ಬನ್ನಿ. ನೆರಳಿದೆ, ಕುಡಿಯುವ ನೀರಿದೆ, ಹೆಂಗಸರಿಗೆ ಶೌಚಾಲಯವಿದೆ.’ ಬೆಳಗಿನಿಂದ ಆರೇಳು ಜನ ಅದನ್ನು ವಾಣಿಶ್ರೀಯ ಮುಂದೆ ಹಿಡಿದು “ನಿಜಾನಾ?” ಎಂದು ಕೇಳಿದ್ದರು. ಕತ್ತು ಆಡಿಸಿಯೂ ಆಡಿಸದ ಹಾಗೆ ಮಾಡಿ ದಾಟಿಕೊಂಡಿದ್ದಳು. ಒಂದೊಂದು ಸಾಲೂ ಅವಳಿಗೆ ಬಾಯಿಪಾಠವಾಗಿತ್ತು.

ನೆರಳೇನೋ ಇತ್ತು. ನಲ್ಲಿಯಲ್ಲಿ ಹನಿ ನೀರಿರಲಿಲ್ಲ. ಶೌಚಾಲಯಕ್ಕೆ ಬೀಗ, ಒಳಗೆ ಟೈಲ್ಸ್ ಡಬ್ಬಗಳು. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಗೇಟೇ. ಅದರ ಎರಡೂ ಬಾಗಿಲು ಹೊರಕ್ಕೆ ತೆರೆಯುತ್ತಿದ್ದವು. ಅಣ್ಣನ ಮೇಜಿನ ಮೇಲೆ ಬಿದ್ದಿದ್ದ ಸ್ಟೇಡಿಯಂ ನಕ್ಷೆಯನ್ನು ವಾಣಿಶ್ರೀ ನೋಡಿದ್ದಳು. ಅದರಲ್ಲಿ ನಲ್ಲಿಯಿತ್ತು, ಶೌಚಾಲಯವಿತ್ತು. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದು ಮಾತ್ರ ಇರಲಿಲ್ಲ.

ಕಾವಲುಗಾರ ಶಿವರಾಮಯ್ಯ ಗೇಟಿನ ಬೀಗ ತೆಗೆದು ಕಾಲು ಗಂಟೆಯಾಗಿತ್ತು. ಜನ ಹತ್ತು ಹೆಜ್ಜೆ ಹಿಂದೆ ಸರಿದರೆ ಸಾಕು, ಗೇಟು ತೆರೆಯುತ್ತಿತ್ತು. ಯಾರೂ ಸರಿಯುತ್ತಿರಲಿಲ್ಲ.

“ಹಿಂದಕ್ ಹೋಗ್ರಪ್ಪೋ!” ಶಿವರಾಮಯ್ಯ ಕೂಗಿದ.

“ಹೋಗಕ್ಕೆ ನಮ್ಗೇನ್ ಹುಚ್ಚಾ?” ಮುಂದಿನ ಸಾಲಿನ ಮೀಸೆಯವನು ಗುಡುಗಿದ. “ಕುಣಿಗಲ್ಲಿಂದ ಬೈಕಲ್ ಬಂದಿವ್ನಿ. ಮುನ್ನೂರರ ಒಳಗಿವ್ನಿ. ಹಿಂದಕ್ ಹೋದ್ರೆ ನನ್ ಜರ್ಸಿ ನಿಮ್ಮಪ್ಪ ಕೊಡ್ತಾನಾ?”

ಸರಳಿಗೆ ಒತ್ತಿಕೊಂಡವರ ನಡುವೆ ಪುಟ್ಟಗಂಗಮ್ಮನ ಮುಖ ಕಂಡಿತು. ಗುಬ್ಬಿ ತಂಡದ ಗೋಲ್‌ಕೀಪರ್ ಮಾನಸಾಳ ತಾಯಿ. ಉಬ್ಬಸ ಇರುವವರು. ಮಗಳು ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ವಾಣಿಶ್ರೀ ಓಡಿಹೋಗಿ ಸರಳಿನ ಸಂದಿಯಲ್ಲಿ ಅವರ ಕೈ ಹಿಡಿದಳು.

“ಜರ್ಸಿ ಗಿರ್ಸಿ ಬ್ಯಾಡ ಕಣವ್ವ ನಂಗೆ,” ಪುಟ್ಟಗಂಗಮ್ಮ ಮಾತು ಮಾತಿಗೂ ಉಸಿರು ಎಳೆದುಕೊಂಡರು. “ಟಾಯ್ಲೆಟ್ ಐತೆ ಅಂತ ಬರ್ದಿದ್ರಲ್ಲ... ಅದ್ಕೇ ಈ ಕಡೀಕ್ ಬಂದೆ.”

ವಾಣಿಶ್ರೀ ಬೀಗ ಬಿದ್ದ ಶೌಚಾಲಯದ ಕಡೆ ತಿರುಗಿ ನೋಡಿದಳು.

ಪಕ್ಕದಲ್ಲೇ ಅಶ್ವಥ್ ಮೈಕ್ ಹಿಡಿದು ಅಂಗಲಾಚುತ್ತಿದ್ದ. “ಜರ್ಸಿ ಇಲ್ಲ ಕಣ್ರಪ್ಪಾ! ದಮ್ಮಯ್ಯ, ಹಿಂದೆ ಸರೀರಿ!”

“ಏನ್ಲಾ ಅಶ್ವಥ, ಆಗ್ಲೇ ನಿಮ್ ಕಡೇರಿಗೆಲ್ಲ ಹಂಚ್ಬುಟ್ಯಾ?” ಮೀಸೆಯವನು ಕೇಳಿದ. “ಮೆಸೇಜು ನಿನ್ ನಂಬರಿಂದ್ಲೇ ಬಂದೈತಲ್ಲೋ!”

“ಹೌದು, ನಾನೇ ಕಳ್ಸಿದ್ದು. ತಪ್ಪಾಯ್ತು. ಜರ್ಸಿ ಇಲ್ಲ.”

“ಐತೆ ಅಂದೋನೂ ನೀನೇ, ಇಲ್ಲ ಅನ್ನೋನೂ ನೀನೇ. ಯಾವ್ದುನ್ನ ನಂಬನ? ಒಳಗೆ ಬಚ್ಚಿಕ್ಕವ್ನೆ ಕಣ್ರೋ! ತಳ್ರೋ!”

ಹಿಂದಿನಿಂದ ಇನ್ನೊಂದು ನೂಕು ಬಂತು. ಯಾರೋ ಕಿರುಚಿದರು. ವಾಣಿಶ್ರೀ ಹಿಡಿದಿದ್ದ ಕೈ ಸೆಟೆದುಕೊಂಡಿತು.

ಶಿವರಾಮಯ್ಯ ಬೆವರು ಒರೆಸಿಕೊಂಡ. “ಅಲ್ಲಾ ಸಾ, ಯುಗಾದಿ ಮೆಸೇಜಿಗೂ ಹೆಬ್ಬೆಟ್ಟೆತ್ತಿದ ಚಿತ್ರ ಒಂದೇ ಕಳ್ಸೋರು ನೀವು. ಇದೊಂದ್ನ ಯಾಕ್ ಇಷ್ಟುದ್ದ ಬರೆಯಕ್ ಹೋದ್ರಿ? ಆಮೇಲೆ ಪೊಲೀಸ್ನೋರು ನಿಮ್ಮನ್ನೇ ಕೇಳದು.”

“ಕೇಳ್ಲಿ ಬಿಡು.”

ಅಶ್ವಥ್ ತಂಗಿಯ ಕಡೆ ತಿರುಗಿದ. ಬೆಳಗಿನಿಂದ ಅವನು ಅವಳ ಕಣ್ಣು ತಪ್ಪಿಸುತ್ತಲೇ ಇದ್ದ. ಅವಳೂ ಏನೂ ಕೇಳಿರಲಿಲ್ಲ.

“ವಾಣಿ, ನೀನು ಬಾಯ್ ಬಿಡ್ಬೇಡ,” ಎಂದ, ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. “ಒಳಗ್ ಹೋಗು. ನಾನ್ ನೋಡ್ಕೊತೀನಿ.”

ಬಾಯಿ ಬಿಡಬೇಡ ಎಂದು ವಾಣಿಶ್ರೀಗೆ ಯಾರೂ ಹೇಳಬೇಕಾಗಿರಲಿಲ್ಲ. ಡಿಗ್ರಿಯ ವೈವಾದಲ್ಲಿ ಉತ್ತರ ಗೊತ್ತಿದ್ದೂ ನೆಲ ನೋಡುತ್ತ ನಿಂತವಳು. ಬಸ್ಸಿನಲ್ಲಿ ‘ಇಳೀಬೇಕು’ ಎನ್ನಲಾಗದೆ ಮುಂದಿನ ಸ್ಟಾಪಿನವರೆಗೂ ಹೋಗಿ, ಬಿಸಿಲಲ್ಲಿ ವಾಪಸು ನಡೆದು ಬಂದವಳು. ಈಗಲೂ ಸುಮ್ಮನಿದ್ದುಬಿಡಬಹುದಿತ್ತು. ಅಣ್ಣ ಒಪ್ಪಿಕೊಂಡಾಗಿತ್ತು. ಆದರೆ ಅವನು ಒಪ್ಪಿಕೊಂಡಷ್ಟೂ ಜನ ಮುಂದಕ್ಕೇ ಬರುತ್ತಿದ್ದರು.

ಪುಟ್ಟಗಂಗಮ್ಮನ ತುಟಿ ನೀಲಿಗಟ್ಟುತ್ತಿತ್ತು. ಹಿಡಿದಿದ್ದ ಕೈ ಸಡಿಲವಾಯಿತು.

ವಾಣಿಶ್ರೀ ತಿರುಗಿ ಅಣ್ಣನ ಕೈಯಿಂದ ಮೈಕ್ ಎಳೆದಳು. ಅವನು ಬಿಡಲಿಲ್ಲ. “ಬೇಡ ಕಣೇ,” ಎಂದ. ಅವಳು ಎರಡೂ ಕೈಯಿಂದ ಜಗ್ಗಿದಳು. ಸ್ಪೀಕರ್ ಕೀರಲಿಟ್ಟಿತು. ಮುಂದಿನ ಸಾಲಿನವರು ಅವಳ ಕಡೆ ತಿರುಗಿದರು.

“ನಮ್ಮಣ್ಣ ಸುಳ್ಳು ಹೇಳ್ತಾ ಇದಾನೆ,” ಎಂದಳು.

“ನೋಡ್ರೋ! ನಾನ್ ಹೇಳ್ಲಿಲ್ವಾ!” ಮೀಸೆಯವನು ಹಿಂದಕ್ಕೆ ತಿರುಗಿ ಕೈ ಬೀಸಿದ. “ಸ್ವಂತ ತಂಗೀನೇ ಹೇಳ್ತಾವ್ಳೆ!”

“ಆ ಮೆಸೇಜ್ ಬರ್ದಿದ್ದು ಅವನಲ್ಲ. ಅವನಿಗೆ ಗೊತ್ತಿಲ್ದಂಗೆ ಅವನ ಫೋನ್ ತಗೊಂಡು ಬರ್ದು ಕಳ್ಸಿದ್ದು ನಾನು. ಜರ್ಸಿ ಒಂದೂ ಇಲ್ಲ.”

ಮೀಸೆಯವನು ಸರಳು ಬಿಟ್ಟು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.