ಅಭ್ಯಂತರವಿಲ್ಲ

“ನಮ್ಮ ಅಭ್ಯಂತರವಿಲ್ಲ, ಸ್ವಾಮಿ” ಎಂದುಬಿಟ್ಟರು ಗುರುಮಲ್ಲಪ್ಪ. ಎಚ್.ಡಿ. ಕೋಟೆಯ ಕೋರ್ಟಿನಲ್ಲಿ ಎದುರು ವಕೀಲರು ಟೈಮ್ ಕೇಳಿದಾಗಲೆಲ್ಲ ಮರ್ಯಾದೆಗೆ ಹಾಗೆನ್ನುವುದು ಅವರಿಗೆ ಮೂವತ್ತು ವರ್ಷದ ರೂಢಿ. ಆದರೆ ಇದು ವಿಧಾನ ಪರಿಷತ್ತು. ಟೈಮ್ ಕೇಳಿದವರು ಮಂತ್ರಿಗಳು. ಕಬಿನಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಹಕ್ಕುಪತ್ರ ಏನಾಯಿತೆಂದು ಗುರುಮಲ್ಲಪ್ಪ ಕೇಳಿದ್ದಕ್ಕೆ, ಮುಂದಿನ ಅಧಿವೇಶನದಲ್ಲಿ ಉತ್ತರಿಸುತ್ತೇನೆ ಎಂದಿದ್ದರು.

ಕೂತ ಮೇಲೆ ನಾಲಿಗೆ ಕಚ್ಚಿಕೊಂಡರು. ತೀರಿಹೋದ ಸದಸ್ಯರೊಬ್ಬರ ಉಳಿಕೆ ಅವಧಿಗೆ ನಾಮನಿರ್ದೇಶನಗೊಂಡು ಬಂದವರು ಅವರು. ಮುಂದಿನ ಅಧಿವೇಶನ ಸೇರುವಷ್ಟರಲ್ಲಿ ಆ ಅವಧಿಯೇ ಮುಗಿದಿರುತ್ತದೆ. ಅವಸರದಲ್ಲಿ ಕೈ ಎತ್ತಿದರು. ಸಭಾಪತಿಗಳು ಆಗಲೇ ಬೇರೆಯವರ ಹೆಸರು ಕರೆದಾಗಿತ್ತು.

ಮೇಲೆ ಗ್ಯಾಲರಿಯಲ್ಲಿ ಪುಟ್ಟಮಾದಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು. ಊರು ಬಿಟ್ಟುಕೊಟ್ಟವರಲ್ಲಿ ಒಬ್ಬಳು, ಅವರ ಹಳೆಯ ಕಕ್ಷಿದಾರಳು. ಕೋರ್ಟಿನಲ್ಲೂ “ಅಭ್ಯಂತರವಿಲ್ಲ” ಎಂಬ ಮಾತು ಕಿವಿಗೆ ಬಿದ್ದೊಡನೆ, ಇವತ್ತಿನದು ಮುಗಿಯಿತೆಂದು ಹೀಗೇ ಏಳುತ್ತಿದ್ದಳು.

ಹೊರಗೆ ಮೆಟ್ಟಿಲ ಬಳಿ ಗುರುಮಲ್ಲಪ್ಪನವರನ್ನು ಅವಳೇ ಸಮಾಧಾನ ಮಾಡಿದಳು: “ಅದ್ಯಾಕೆ ಮಕ ಸಣ್ಣಗೆ ಮಾಡ್ಕಂಡಿದ್ದೀರಿ ಲಾಯರಪ್ಪಾ? ಮುಂದಿನ ತಾರೀಕಿಗೂ ಬತ್ತೀನಿ ಬುಡಿ. ನೀವಂತೂ ಇದ್ದೇ ಇರ್ತೀರಲ್ಲ.”