ರಮ್ಲಿ ಕಾರಿನ ಕುಂಟು ಸದ್ದು

“ಇದು ಆ ಸದ್ದಲ್ಲ,” ಎಂದಳು ಜಹಾರಾ. “ಮತ್ತೆ ತಿರುಗಿಸು.”

ಡೆರಮಾನ್ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. ಎತ್ತಿದರೆ ಅವಳು ತನ್ನ ಮುಖ ಓದಿಬಿಡುತ್ತಾಳೆ ಎಂಬ ಅಂಜಿಕೆ. ಬೆಳಗಿನಿಂದ ಇದೇ ರಾಗ. ಅವನು ಸರಿ ಮಾಡುವುದು, ಅವಳು ಕಿವಿಗೊಟ್ಟು ಕೇಳಿ ಅಲ್ಲವೆಂದು ತಲೆಯಾಡಿಸುವುದು.

ಥಾಯ್ ಗಡಿಗೆ ಹತ್ತಿರದ ಪಾಸಿರ್ ಮಾಸ್ ಪೇಟೆಯಲ್ಲಿ ಅವಳ ಗಂಡ ರಮ್ಲಿಯ ಹಳೆಯ ಕಾರನ್ನು ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯದವರಿಲ್ಲ. ಪ್ರಾಯದಲ್ಲಿ ರಮ್ಲಿಯೂ ಡೆರಮಾನನೂ ಸೇರಿ ಅದಕ್ಕೆ ರೇಸಿನ ಕ್ಯಾಮ್ ಶಾಫ್ಟು, ಜೋಡಿ ಕಾರ್ಬುರೇಟರು ಕೂರಿಸಿದ್ದರು. ಅಂದಿನಿಂದ ನಿಂತಲ್ಲೇ ಅದು ಕುಂಟುತ್ತಿತ್ತು. ಡುಗ್, ಡುಗ್, ಆಮೇಲೊಂದು ತಡವರಿಕೆ, ಒಂದು ಕೆಮ್ಮು, ಮತ್ತೆ ಡುಗ್. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಗುರುತಿಗಿಂತ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, ಮುಂದಿನ ಕಾರ್ಬುರೇಟರಿಗೆ ಪೆಟ್ರೋಲು ತುಸು ಧಾರಾಳವಾಗಿ ಬಿಟ್ಟರೆ ಮಾತ್ರ ಬರುವ ಸದ್ದು. ಬೇರೆ ಮೆಕ್ಯಾನಿಕ್ಕುಗಳು ಅದನ್ನು ರೋಗ ಎನ್ನುತ್ತಿದ್ದರು. ರಮ್ಲಿ ಮೀಸೆ ತಿರುವುತ್ತಿದ್ದ.

ಇವತ್ತು ಡೆರಮಾನ್ ಬೇಕೆಂದೇ ಆ ಸದ್ದನ್ನು ಕೊಂದಿದ್ದ. ಟೈಮಿಂಗ್ ಲೈಟ್ ಹಿಡಿದು ಕಿಡಿಯನ್ನು ಸರಿಯಾದ ಗುರುತಿಗೆ ತಂದಿದ್ದ. ಎರಡೂ ಕಾರ್ಬುರೇಟರನ್ನು ಸಮ ಮಾಡಿ, ನಿಂತಾಗಿನ ಐಡ್ಲಿಂಗ್ ವೇಗ ಏರಿಸಿಟ್ಟಿದ್ದ. ಇಂಜಿನ್ನು ಈಗ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು.

“ಜಹಾರಕ್ಕ, ಈಗ ಚೆನ್ನಾಗಿದೆ. ಪೆಟ್ರೋಲೂ ಕಮ್ಮಿ ಕುಡಿಯುತ್ತೆ.”

“ಚೆನ್ನಾಗಿರೋದು ಯಾರಿಗೆ ಬೇಕಾಗಿದೆ? ಅವರಿದ್ದಾಗ ಹೇಗಿತ್ತೋ ಹಾಗೆ ಮಾಡಿಕೊಡು. ಆ ಸದ್ದಿಲ್ಲದಿದ್ರೆ ಈ ಡಬ್ಬಕ್ಕೆ ಏನು ಬೆಲೆ?”

ಗಂಡ ಸತ್ತ ಹೆಂಗಸು ಇದ್ದಾ ಎಂಬ ನಾಲ್ಕು ತಿಂಗಳು ಹತ್ತು ದಿನದ ಶೋಕದ ಅವಧಿ ಮುಗಿಯುವ ತನಕ ಹೊಸಿಲು ದಾಟುವುದಿಲ್ಲ. ಜಹಾರಾ ಕಟ್ಟುನಿಟ್ಟಾಗಿ ಒಳಗಿದ್ದಳು. ನಿನ್ನೆ ಇದ್ದಾ ಮುಗಿದಿತ್ತು. ಇವತ್ತು ಕಾರು ಡೆರಮಾನನ ಗ್ಯಾರೇಜಿನಲ್ಲಿತ್ತು. ಎದುರಿನ ಕಾಫಿ ಅಂಗಡಿಯ ಬೆಂಚಿನವರು ಬಿಡುತ್ತಾರೆಯೇ? “ಹೂತ ಮಣ್ಣು ಇನ್ನೂ ಒಣಗಿಲ್ಲ, ಆಗಲೇ ಮಾರೋಕೆ ಹೊರಟ್ಳು ನೋಡು,” ಎಂದು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

ಡೆರಮಾನನ ಎದೆಗೆ ಕಲ್ಲು ಹಾಕಿದ್ದು ಬೆಳಿಗ್ಗೆ ಅವಳು ಬಂದೊಡನೆ ಆಡಿದ ಮಾತು. “ಇದನ್ನ ಗೋಲೋಕ್‌ನವರಿಗೆ ಕೊಟ್ಟುಬಿಡ್ತೀನಿ. ಸೇತುವೆ ಮೇಲೆ ಸಾಲು ಉದ್ದ, ನಡುವೆ ಆಫ್ ಆಗದ ಹಾಗೆ ನೋಡ್ಕೋ.”

ಗೋಲೋಕ್ ಎಂದರೆ ಗಡಿ ಹೊಳೆಯಾಚೆಯ ಥಾಯ್ ಊರು. ಮೊದಲ ಹೆಂಡತಿಗೆ ಗೊತ್ತಾಗದಂತೆ ಇನ್ನೊಂದು ನಿಕಾಹ್ ಬೇಕಾದವರು ದಾಟುವುದು ಅದೇ ಸೇತುವೆಯನ್ನು. ರಮ್ಲಿಯೂ ದಾಟಿದ್ದ. ಸಾಕ್ಷಿಯಾಗಿ ಕೂತವನು ಡೆರಮಾನ್. ಆಮೇಲೆ ಬಿಡಿಭಾಗ ತರುತ್ತೇನೆಂದು ರಮ್ಲಿ ತಿಂಗಳು ತಿಂಗಳೂ ಹೋಗಿಬರುತ್ತಿದ್ದ. ಈ ಇಂಜಿನ್ನಿಗೆ ಒಂದು ಹೊಸ ಬೋಲ್ಟೂ ಬಿದ್ದಿರಲಿಲ್ಲ.

ಅಲ್ಲಿದ್ದವರು ಆ ಎರಡನೆಯ ಹೆಂಡತಿ ಸೊರಯಾ ಮತ್ತು ಅವರಿಬ್ಬರ ಪುಟ್ಟ ಮಗಳು. ಮೊದಲ ಹೆಂಡತಿಯ ಕಡೆಯವರು ಬಂದು ಗಲಾಟೆ ಮಾಡಿಯಾರೆಂಬ ಭಯಕ್ಕೆ ಗೇಟಿಗೆ ಸದಾ ಚಿಲಕ. ಬೇರೆ ಗಾಡಿ ನಿಂತರೆ ಸೊರಯಾ ಮಗುವನ್ನು ಒಳಗೆಳೆದು ಬಾಗಿಲು ಜಡಿಯುತ್ತಿದ್ದಳು. ಈ ಕುಂಟು ಸದ್ದಿಗೆ ಮಾತ್ರ ಮಗು ಬರಿಗಾಲಲ್ಲಿ ಓಡಿಬಂದು ಚಿಲಕ ತೆಗೆಯುತ್ತಿತ್ತು. ರಮ್ಲಿ ಸತ್ತ ಸುದ್ದಿ ಆ ಮನೆಗೆ ಮುಟ್ಟಿರಲಿಲ್ಲ. ಮುಟ್ಟಿಸಬೇಕಾದವನು ಡೆರಮಾನನೇ. ಒಮ್ಮೆ ಫೋನ್ ಮಾಡಿಯೂ ಇದ್ದ. “ಅಪ್ಪಾನಾ?” ಎಂಬ ಎಳೆಯ ದನಿ ಕೇಳಿದ್ದೇ ಕಟ್ ಮಾಡಿ, ಗ್ಯಾರೇಜಿನ ಹಿಂದೆ ಹೋಗಿ ಅತ್ತಿದ್ದ.

ಈಗ ಈ ಕಾರನ್ನು ಯಾವನೋ ಕೊಂಡು ಆ ಬೀದಿಯಲ್ಲಿ ಓಡಿಸಿದರೆ? ಮಗು ಓಡಿಬರುತ್ತದೆ. ಒಳಗೆ ಯಾರದೋ ಮುಖ. ಸದ್ದು ಸತ್ತರೆ ಅಷ್ಟಾದರೂ ತಪ್ಪುತ್ತದೆ ಎಂಬುದು ಅವನ ಲೆಕ್ಕ.

“ಹಳೇ ಇಂಜಿನ್ ಅಕ್ಕ. ಆ ಸದ್ದು ಇನ್ನು ಬರಲ್ಲ.”

“ನಿನ್ನ ಕೈಗೆ ಬರಲ್ವಾ?” ಜಹಾರಾಳ ದನಿ ಮೆತ್ತಗಾಯಿತು. “ಆಸ್ಪತ್ರೇಲಿ ಕೊನೇ ಹೊತ್ತಿಗೆ ಪಕ್ಕದಲ್ಲಿದ್ದವಳು ನಾನೊಬ್ಬಳೇ. ಏನಂದ್ರು ಗೊತ್ತಾ? ಕಾರಿನ ಸದ್ದು ಬದಲಾಯಿಸಬೇಡ ಅಂದ್ರು. ನನ್ನ ಕೈ ಹಿಡ್ಕೊಂಡು ಅದನ್ನೇ ಹೇಳಿದ್ರು ಕಣೋ.”

ಡೆರಮಾನನಿಗೆ ಸತ್ತ ಗೆಳೆಯನ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ವರ್ಷ ಅನ್ನ ಹಾಕಿದವಳಿಗೆ ಸಾಯುವಾಗಲೂ ಕಾರಿನ ಮಾತೇ? ಏನೂ ಅರಿಯದ ಹೆಂಗಸು. ಅವಳಿಗೆ ಗಂಡನದೆಂದು ಉಳಿದಿರುವುದು ಈ ಸದ್ದೊಂದೇ. ಅದನ್ನೂ ಕಿತ್ತುಕೊಳ್ಳಲು ತಾನು ಯಾರು?

ಅವನು ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿದ. ಹಿಂದಕ್ಕೆ, ಕೂದಲೆಳೆಯಷ್ಟು. ಮುಂದಿನ ಕಾರ್ಬುರೇಟರಿನ ಸ್ಕ್ರೂ ತುಸು ತಿರುಗಿಸಿದ. ಐಡ್ಲಿಂಗ್ ಇಳಿಸಿದ. ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಅಡರಿತು. ಡುಗ್, ಡುಗ್, ತಡವರಿಕೆ, ಕೆಮ್ಮು. ಕಾಫಿ ಅಂಗಡಿಯ ಬೆಂಚಿನವರೆಲ್ಲ ಇತ್ತ ತಿರುಗಿದರು.

ಜಹಾರಾ ನಡುಗುವ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತಳು. ತಲೆವಸ್ತ್ರದ ಸೆರಗು ಬಾಯಿಗೊತ್ತಿಕೊಂಡು ಸದ್ದಿಲ್ಲದೆ ಅತ್ತಳು. ಡೆರಮಾನ್ ಬೇರೆಡೆ ನೋಡಿದ. ಹಿಂದಿನ ಸೀಟಿನಲ್ಲಿ ಮಡಿಸಿಟ್ಟ ರಮ್ಲಿಯ ಲುಂಗಿ, ಅವನ ಕಪ್ಪು ಟೋಪಿ, ಪಕ್ಕದಲ್ಲಿ ಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣಗಳಿದ್ದವು. ಮಸೀದಿಗೆ ಕೊಡಲಿಕ್ಕಿರಬೇಕು ಎಂದುಕೊಂಡ.

ಅವಳು ಕಣ್ಣೊರೆಸಿಕೊಂಡು ಸ್ಟಿಯರಿಂಗಿನ ಮುಂದೆ ಕೂತಳು. ಬಗ್ಗಿ ಆಚೆ ಬದಿಯ ಬಾಗಿಲು ತೆರೆದಳು.

“ಕಾರು ಹತ್ತು ಡೆರಮಾನ್, ಆಸ್ಪತ್ರೇಲಿ ಅವರು ಎಲ್ಲಾ ಹೇಳಿದ್ರು, ಅವತ್ತು ನಿಕಾಹ್‌ಗೆ ಸಾಕ್ಷಿ ಕೂತವನು ನೀನು, ಆ ಮನೆ ದಾರೀನೂ ನೀನೇ ತೋರಿಸು; ಮಗು ಚಿಲಕ ತೆಗೀಲಿ ಸಾಕು, ಅಪ್ಪ ಇನ್ನಿಲ್ಲ ಅಂತ ನಾನು ಹೇಳ್ತೀನಿ.”